ಗಾರ್ಡ್ ಬಿಚ್ಚಿಟ್ಟು ಗ್ರೈಂಡರ್‌ನಲ್ಲಿ ಕಬ್ಬಿಣ ಕೊಯ್ಯಬಹುದೇ?

ಹಳೇ ಗೇಟನ್ನು ತುಂಡು ಮಾಡಿ ಗುಜರಿಗೆ ಹಾಕಲು 4 ಇಂಚಿನ ಆ್ಯಂಗಲ್ ಗ್ರೈಂಡರ್ ತರಿಸಿದ್ದೀರಿ. ಗಾರ್ಡ್, ಅಂದರೆ ತಿರುಗುವ ಬ್ಲೇಡನ್ನು ಅರ್ಧ ಮುಚ್ಚುವ ತಗಡು, ಅಡ್ಡ ಬರುತ್ತಿದೆ. ನಿಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ ಯಾರ ಮಿಷಿನ್ನಿಗೂ ಗಾರ್ಡ್ ಇಲ್ಲ, ನಾನೂ ಬಿಚ್ಚಿಡಲೇ ಅಂತ ಕೇಳಿದ್ದೀರಿ.

ದಯವಿಟ್ಟು ಬಿಚ್ಚಬೇಡಿ. ಗೇಟು, ಗ್ರಿಲ್ ಕೆಲಸದಲ್ಲಿ 18 ವರ್ಷ ಕಳೆದವನು ನಾನು. ಮೊದಲ ಆರೇಳು ವರ್ಷ ನಮ್ಮ ಶೆಡ್ಡಿನಲ್ಲೂ ಗಾರ್ಡುಗಳೆಲ್ಲ ಒಂದು ಡಬ್ಬದಲ್ಲಿ ತುಕ್ಕು ಹಿಡಿಯುತ್ತಿದ್ದವು. ಒಬ್ಬರಿಗೂ ಏನೂ ಆಗಿರಲಿಲ್ಲ, ಹಾಗಾಗಿ ಧೈರ್ಯ ಬಂದುಬಿಟ್ಟಿತ್ತು.

ಒಂದು ದಿನ ಆಯಿತು. 20 ಅಡಿಯ ಒಂದಿಂಚು ಚೌಕ ಪೈಪಿನ ಎರಡೂ ತುದಿಯನ್ನು ಸ್ಟೂಲಿನ ಮೇಲಿಟ್ಟು, ನಡುವೆ ಕೊಯ್ಯುತ್ತಿದ್ದೆ. ಹೊಸದಾಗಿ ತಂದ ಮಿಷಿನ್ ಆಗಿದ್ದರಿಂದ ಅದರ ಗಾರ್ಡ್ ಇನ್ನೂ ಬಿಚ್ಚಿರಲಿಲ್ಲ, ಅಷ್ಟೇ. ಮುಕ್ಕಾಲು ಭಾಗ ಕೊಯ್ದಾಗಿತ್ತು. ಪೈಪು ತನ್ನ ಭಾರಕ್ಕೇ ನಡುವಲ್ಲಿ ಕುಗ್ಗಿತು, ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯಿತು. ಪಟಾಕಿ ಸಿಡಿದಂಥ ಸದ್ದು, ಮಿಷಿನ್ ಎದೆಯತ್ತ ಎಗರಿತು. ಸ್ವಿಚ್ ಆರಿಸಿ ನೋಡಿದರೆ ಸ್ಪಿಂಡಲ್ ಮೇಲೆ ನಾಣ್ಯದಷ್ಟು ಬ್ಲೇಡು ಮಾತ್ರ ಉಳಿದಿದೆ. ಒಂದು ಚೂರು ಎದುರುಗೋಡೆಯ ಗಿಲಾವನ್ನು ಚಕ್ಕೆ ಎಬ್ಬಿಸಿತ್ತು. ಇನ್ನೊಂದು ಗಾರ್ಡಿನ ಒಳಮೈಗೆ ಬಡಿದು ಬೆರಳುದ್ದ ಗೀರು ಬಿಟ್ಟಿತ್ತು. ಗೀರಿನ ನೇರಕ್ಕೆ ನನ್ನ ಕುತ್ತಿಗೆ ಇತ್ತು. ಅಂದು ಸಂಜೆಯೇ ಡಬ್ಬದ ಗಾರ್ಡುಗಳನ್ನೆಲ್ಲ ತೆಗೆದು ಎಲ್ಲ ಮಿಷಿನ್‌ಗಳಿಗೂ ಹಾಕಿಸಿದೆ.

ಲೆಕ್ಕ ಹಾಕಿ ನೋಡಿ. 4 ಇಂಚಿನ ಮಿಷಿನ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಬ್ಲೇಡಿನ ಅಂಚು ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಒಡೆದ ಚೂರೂ ಅದೇ ವೇಗದಲ್ಲಿ ಹೊರಡುತ್ತದೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಒಡೆದ ಬ್ಲೇಡಿನ ಅಂಚು ನೋಡಿದರೆ ಸೊಳ್ಳೆ ಪರದೆಯಂಥ ಗಾಜಿನ ನೂಲಿನ ಜಾಲರಿ ಕಾಣುತ್ತದೆ. ಅಂಟಿನಲ್ಲಿ ಕಲಸಿದ ಹರಳುಪುಡಿಯನ್ನು ಆ ಜಾಲರಿ ಹಿಡಿದಿಟ್ಟಿರುತ್ತದೆ. ನೇರವಾಗಿ ಒತ್ತಿದರೆ ತಡೆಯುತ್ತದೆ, ಅಡ್ಡಕ್ಕೆ ಬಾಗಿಸಿದರೆ ತಡೆಯುವುದಿಲ್ಲ. 1 ಮಿ.ಮೀ. ದಪ್ಪದ ಕಟಿಂಗ್ ಬ್ಲೇಡಿನ ಪಕ್ಕದಿಂದ ವೆಲ್ಡಿಂಗ್ ಗಂಟು ಉಜ್ಜುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಉಜ್ಜುವುದಕ್ಕೆ ದಪ್ಪನೆಯ ಗ್ರೈಂಡಿಂಗ್ ವೀಲ್ ಬೇರೆಯೇ ಇದೆ.

ಇನ್ನು ಗಾರ್ಡ್ ಅಡ್ಡ ಬರುವ ವಿಷಯ. ಅದು ತಿರುಗುತ್ತದೆ. ಪ್ಲಗ್ ಕಿತ್ತು, ಗಾರ್ಡಿನ ಸ್ಕ್ರೂ ಸಡಿಲಿಸಿ, ಮುಚ್ಚಿದ ಭಾಗ ನಿಮಗೂ ಬ್ಲೇಡಿಗೂ ನಡುವೆ ಬರುವಂತೆ ತಿರುಗಿಸಿ ಬಿಗಿ ಮಾಡಿ. ಪ್ರತಿ ಹೊಸ ಕೊಯ್ತಕ್ಕೂ ಹೀಗೆ ಹೊಂದಿಸಬೇಕಾಗಬಹುದು, ಅರ್ಧ ನಿಮಿಷದ ಕೆಲಸ. ಡಬ್ಬದಲ್ಲಿ ಬರುವ ಗಾರ್ಡ್ ಹೆಚ್ಚಾಗಿ ಉಜ್ಜುವ ಕೆಲಸದ್ದು, ಅದರ ಒಂದು ಬದಿ ತೆರೆದಿರುತ್ತದೆ. ಎರಡೂ ಬದಿ ಮುಚ್ಚುವ ಕಟಿಂಗ್ ಗಾರ್ಡ್ ನಿಮ್ಮ ಮಾಡೆಲ್ಲಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಆದರೆ ಗಾರ್ಡಿಗಿಂತ ಮೊದಲು ಬೇಕಾದದ್ದು ಸೀಳು ಮುಚ್ಚಿಕೊಳ್ಳದಂತೆ ಕೊಯ್ಯುವುದು. ಪೈಪಿನ ಒಂದು ಕಡೆಯನ್ನು ಟೇಬಲ್ಲಿಗೆ ಸಿ-ಕ್ಲಾಂಪಿನಿಂದ ಬಿಗಿದು, ಬೇಡದ ತುದಿ ಹೊರಗೆ ಜೋಲುವಂತೆ ಬಿಟ್ಟು, ಟೇಬಲ್ಲಿನ ಅಂಚಿನ ಹತ್ತಿರ ಮೇಲಿನಿಂದ ಕೊಯ್ಯಿರಿ. ತುದಿ ಕೆಳಗೆ ಬಾಗಿದಷ್ಟೂ ಸೀಳು ಬಾಯಿ ಬಿಡುತ್ತದೆ. ನಿಮ್ಮದು ಗೇಟು, ಸರಳುಗಳ ಎರಡೂ ತುದಿ ಚೌಕಟ್ಟಿಗೆ ಬೆಸೆದಿರುತ್ತವೆ. ಎಲ್ಲಿ ಬಿಗಿ ಇದೆ, ಯಾವ ಕಡೆ ಕುಗ್ಗುತ್ತದೆ ಅಂತ ಮೊದಲೇ ಹೇಳಲಾಗದು. ಅಂಥಲ್ಲಿ ನಾನು ಕೊನೆಯ ಎರಡು ಮಿ.ಮೀ. ಉಳಿಸಿ ಹ್ಯಾಕ್ಸಾದಿಂದ ಮುಗಿಸುತ್ತೇನೆ. ಗುಜರಿಗೆ ಹೋಗುವ ಕಬ್ಬಿಣಕ್ಕೆ ಅಂದವೇನೂ ಬೇಕಿಲ್ಲವಲ್ಲ. ಕೊಯ್ಯುವಾಗ ಎರಡೂ ಕೈಯಲ್ಲಿ ಹಿಡಿಯಿರಿ, ಪಕ್ಕದ ಹಿಡಿಕೆ ಹಾಕಿಯೇ ಇರಲಿ. ಮುಖ, ಎದೆ ಬ್ಲೇಡಿನ ನೇರಕ್ಕೆ ಬಾರದಂತೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ.

ಬ್ಲೇಡು ಕೊಳ್ಳುವಾಗ ನಡುವಿನ ತಗಡಿನ ಬಳೆ ನೋಡಿ. ಒಳ್ಳೆಯ ಬ್ಲೇಡುಗಳಲ್ಲಿ ಯಾವ ತಿಂಗಳವರೆಗೆ ಬಳಸಬಹುದೆಂದು ಅಲ್ಲಿ ಒತ್ತಿರುತ್ತಾರೆ, ಸಾಮಾನ್ಯವಾಗಿ ತಯಾರಾದಲ್ಲಿಂದ 3 ವರ್ಷ. ಅಂಟು ತೇವ ಎಳೆದುಕೊಂಡು ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ನೆಲದ ಮೇಲೆ ಬಿದ್ದಿದ್ದ ಬ್ಲೇಡು ಬೇಡ. ಕೈಜಾರಿ ಬಿದ್ದದ್ದೂ ಬೇಡ. ಬ್ಲೇಡಿನ ಮೇಲೆ ಬರೆದ ಸುತ್ತುಗಳ ಸಂಖ್ಯೆ ಮಿಷಿನ್ನಿನದಕ್ಕಿಂತ ಹೆಚ್ಚಿರಲೇಬೇಕು. 7 ಇಂಚಿನ ಬ್ಲೇಡಿಗೆ ಅದು 8,500ರ ಆಸುಪಾಸು ಮಾತ್ರ. ಗಾರ್ಡ್ ಬಿಚ್ಚಿದ ಚಿಕ್ಕ ಮಿಷಿನ್ನಿಗೆ ಜನ ಅದನ್ನೇ ಹಾಕುತ್ತಾರೆ! ಮರ ಕೊಯ್ಯುವ ಹಲ್ಲಿನ ಬ್ಲೇಡನ್ನಂತೂ ಇದಕ್ಕೆ ಹಾಕಲೇಬೇಡಿ. ಹೊಸ ಬ್ಲೇಡು ಹಾಕಿದ ಮೇಲೆ, ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು ಒಂದು ನಿಮಿಷ ಖಾಲಿ ಓಡಿಸಿ.

ನಮ್ಮ ಕಡೆಯ ಇನ್ನೊಂದು ಅಪಾಯ ಕರೆಂಟು. ಕೊಯ್ಯುತ್ತಿರುವಾಗ ಕರೆಂಟ್ ಹೋಗುತ್ತದೆ, ನಾವು ಮಿಷಿನ್ ನೆಲಕ್ಕಿಟ್ಟು ನೀರು ಕುಡಿಯಲು ಹೋಗುತ್ತೇವೆ, ಸ್ವಿಚ್ಚು ಆನ್ ಆಗಿಯೇ ಇರುತ್ತದೆ. ಕರೆಂಟ್ ಬಂದ ಕೂಡಲೇ ಮಿಷಿನ್ ತಾನಾಗಿಯೇ ಅಂಗಳದ ತುಂಬ ಕುಣಿಯುತ್ತದೆ. ಕರೆಂಟ್ ಹೋದ ಕ್ಷಣವೇ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಗೇಟಿನ ಕೆಲಸ ಮುಗಿದ ಮೇಲೆ ಹುಮ್ಮಸ್ಸಿನಲ್ಲಿ ಹಳೇ ಡೀಸೆಲ್ ಬ್ಯಾರೆಲ್ ಕೊಯ್ಯಲು ಹೋಗಬೇಡಿ. ಖಾಲಿ ಅನ್ನಿಸಿದರೂ ಒಳಗಿನ ಆವಿಗೆ ಕಿಡಿ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ.

ಬಟ್ಟೆ ಹತ್ತಿಯದಿರಲಿ, ಮೈಗೆ ಹೊಂದುವಂತಿರಲಿ. ಲುಂಗಿ, ಪಾಲಿಯೆಸ್ಟರ್ ಬೇಡ. ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್. ಬಿಸಿಲಿನ ಕನ್ನಡಕ ಸಾಲದು. ಇಷ್ಟಾದರೂ ಕಣ್ಣಿಗೆ ಕಬ್ಬಿಣದ ಕಣ ಬಿದ್ದರೆ ಉಜ್ಜಬೇಡಿ, ಬಟ್ಟೆಯ ತುದಿಯಲ್ಲಿ ತೆಗೆದುಕೊಡುವ ಗೆಳೆಯರ ಕೈಗೆ ಕಣ್ಣು ಕೊಡಬೇಡಿ. ಕಣ ಹೊರಬಂದರೂ ಅದರ ತುಕ್ಕು ಕಣ್ಣಿನ ಮೇಲೆ ಬಳೆಯಂತೆ ಉಳಿದುಬಿಡಬಹುದು. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಗ್ರೈಂಡರ್‌ನಿಂದ ಹಾರಿದ್ದು ಎಂದು ಬಾಯಿಬಿಟ್ಟು ಹೇಳಿ. ಎಷ್ಟು ಒಳಕ್ಕೆ ಹೋಗಿದೆ ಅಂತ ಅವರು ಆಗ ಬೇರೆಯೇ ರೀತಿ ಹುಡುಕುತ್ತಾರೆ.