ತೆರಿಗೆ ಇಳಿಸಿದರೆ ಲಂಚವೂ ಬಿಲ್ಲಿಲ್ಲದ ವ್ಯಾಪಾರವೂ ಇಳಿಯುತ್ತವೆಯೇ?

ತೆರಿಗೆ ಜಾಸ್ತಿ ಇರುವ ದೇಶದಲ್ಲೇ ಲೆಕ್ಕಕ್ಕೆ ಸಿಗದ ವ್ಯವಹಾರವೂ ಜಾಸ್ತಿ ಇರಬೇಕಲ್ವಾ, ತೆರಿಗೆ ಇಳಿಸಿದರೆ ಲಂಚವೂ ತಾನಾಗಿ ಇಳಿಯಬೇಕಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

ಡೆನ್ಮಾರ್ಕ್‌ನಲ್ಲಿ ದೊಡ್ಡ ಆದಾಯದ ಮೇಲಿನ ತೆರಿಗೆ ಅರ್ಧಕ್ಕಿಂತ ಜಾಸ್ತಿ. ಬೊಲಿವಿಯಾದಲ್ಲಿ ಸಂಬಳದ ಮೇಲೆ ಬರೀ 13%. ಆದರೂ ಲೆಕ್ಕದಾಚೆಯ ವ್ಯವಹಾರ ಬೊಲಿವಿಯಾದಲ್ಲೇ ಎಷ್ಟೋ ಪಾಲು ಹೆಚ್ಚು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಜಿಡಿಪಿಯ ಸುಮಾರು 62% ಅಂತಿದೆ, 1991ರಿಂದ 2015ರವರೆಗಿನ ಸರಾಸರಿ. (ಇವೆಲ್ಲ ಅಂದಾಜು ಅನ್ನೋದು ನೆನಪಿರಲಿ. ಮುಚ್ಚಿಟ್ಟಿದ್ದನ್ನು ಕರಾರುವಾಕ್ಕಾಗಿ ಅಳೆಯೋದು ಹೇಗೆ ಹೇಳಿ?)

ಜನ ಹೆದರುವುದು ತೆರಿಗೆಯ ದರಕ್ಕಿಂತ ಕಚೇರಿಯ ಕಿಟಕಿಗೆ. 1983ರಲ್ಲಿ ಪೆರುವಿನ ಲಿಮಾದಲ್ಲಿ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ ಅವರ ತಂಡ ಒಂದು ಸಣ್ಣ ಬಟ್ಟೆ ಹೊಲಿಯುವ ಘಟಕವನ್ನು ನೋಂದಾಯಿಸಲು ಹೊರಟಿತು. ನಿಯಮದ ಪ್ರಕಾರವೇ ಹೋಗಿ ನೋಡೋಣ ಅನ್ನೋದು ಉದ್ದೇಶ. ಹಿಡಿದಿದ್ದು 289 ದಿನ. ಹತ್ತು ಸಲ ಲಂಚ ಕೇಳಿದರು. ಎರಡು ಸಲ ಕೊಡಲೇಬೇಕಾಯಿತು, ಇಲ್ಲದಿದ್ದರೆ ಕಡತ ಅಲ್ಲೇ ನಿಲ್ಲುತ್ತಿತ್ತು. ಇಷ್ಟೆಲ್ಲ ಯಾಕೆ ಅಂತ ಟೈಲರ್ ಮನೆಯಲ್ಲೇ ಮೆಷಿನ್ ಹಾಕಿಕೊಂಡರೆ ತಪ್ಪು ಹೇಳೋಕಾಗುತ್ತಾ?

ಆದರೆ ನೋಂದಣಿ ಇಲ್ಲದವನು ಯಾರ ಮೇಲೂ ದೂರು ಕೊಡುವಂತಿಲ್ಲ. ಇದು ಇನ್‌ಸ್ಪೆಕ್ಟರ್‌ಗೂ ಗೊತ್ತು. ಹಾಗಾಗಿ ತಿಂಗಳ ಮಾಮೂಲು ಶುರುವಾಗುತ್ತದೆ. ಖಜಾನೆಗೆ ಏನೂ ಬರುವುದಿಲ್ಲ. ಕೊರತೆ ತುಂಬಲು ಸರ್ಕಾರ ಈಗಾಗಲೇ ಲೆಕ್ಕ ಕೊಡುತ್ತಿರುವವರ ಮೇಲೇ ಇನ್ನಷ್ಟು ಹೇರುತ್ತದೆ. ಅವರಲ್ಲೂ ಕೆಲವರು ಜಾರಿಕೊಳ್ಳುತ್ತಾರೆ.

ಶ್ರೀಮಂತ ದೇಶಗಳಲ್ಲೂ ಬಿಲ್ಲಿಲ್ಲದೆ ಮನೆಗೆ ಬಣ್ಣ ಹೊಡೆಸುವವರಿದ್ದಾರೆ. ಆದರೆ ಅಲ್ಲಿ ಅದಕ್ಕೆ ಯಾರ ಕೈಯನ್ನೂ ಬಿಸಿ ಮಾಡಬೇಕಾಗಿಲ್ಲ. ಡೆನ್ಮಾರ್ಕ್‌ನಲ್ಲಿ ಸಂಬಳದ ಲೆಕ್ಕವನ್ನು ಕಂಪನಿಯೇ ನೇರವಾಗಿ ತೆರಿಗೆ ಇಲಾಖೆಗೆ ಕಳಿಸುತ್ತದೆ, ಅದರಲ್ಲಿ ಕಳ್ಳಾಟಕ್ಕೆ ಹೆಚ್ಚು ಜಾಗವಿಲ್ಲ. ತಾವೇ ಬರೆದುಕೊಡುವ ಆದಾಯದಲ್ಲಿ ಅಲ್ಲಿನವರೂ ಮುಚ್ಚಿಡುತ್ತಾರೆ. ಜನ ಪ್ರಾಮಾಣಿಕರು ಅನ್ನೋ ಮಾತಷ್ಟೇ ಅಲ್ಲ ಇದು.

ದರ ಇಳಿಸಿ ಗೆದ್ದ ಉದಾಹರಣೆ ಬೇಕೆಂದರೆ ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾ ದೇಶ ಇದೆ. 2003ರ ಕ್ರಾಂತಿಯ ನಂತರ ಅಲ್ಲಿ ಇಪ್ಪತ್ತೊಂದು ಬಗೆಯ ತೆರಿಗೆಗಳನ್ನು ಏಳಕ್ಕೆ ಇಳಿಸಿದರು, ದರವನ್ನೂ ತಗ್ಗಿಸಿದರು. ತೆರಿಗೆ ಸಂಗ್ರಹ ಮಾತ್ರ ಜಿಡಿಪಿಯ 12%ರಿಂದ 2008ರ ಹೊತ್ತಿಗೆ 25%ಕ್ಕೆ ಏರಿತು. ಆದರೆ ಅದೇ ಹೊತ್ತಿಗೆ ಲಂಚಕ್ಕೆ ಹೆಸರಾಗಿದ್ದ ಟ್ರಾಫಿಕ್ ಪೊಲೀಸರನ್ನು ಸಾರಾಸಗಟಾಗಿ ಮನೆಗೆ ಕಳಿಸಿದ್ದರು. ಉದ್ಯಮಿಗಳನ್ನು ಹಿಡಿದು, ಹಣ ಕಟ್ಟಿಸಿಕೊಂಡು ಬಿಟ್ಟದ್ದೂ ಉಂಟು, ಅದನ್ನು ನಾನು ಮೆಚ್ಚಲಾರೆ. ಇಷ್ಟೆಲ್ಲ ಒಟ್ಟಿಗೇ ನಡೆದಾಗ ದರ ಇಳಿಸಿದ್ದರಿಂದಲೇ ಎಲ್ಲ ಆಯಿತು ಅನ್ನೋದು ಕಷ್ಟ.