ಸೀಮೆಸುಣ್ಣ ಯಾರ ಕೈಲಿರಬೇಕು?

ಪತ್ರ: ಮಗಳು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಳೆ. ಗಣಿತ ಕಷ್ಟ. ಕಾಲೇಜಿನಲ್ಲಿ ಆರು ಮಕ್ಕಳ ಓದಿನ ಗುಂಪು ಮಾಡಿ, ನೋಡಿಕೊಳ್ಳಲು ಒಬ್ಬ ಸೀನಿಯರ್ ಹುಡುಗಿಯನ್ನು ಕೂರಿಸಿದ್ದಾರೆ. ಅವಳು ಉತ್ತರವನ್ನೇ ಹೇಳುವುದಿಲ್ಲವಂತೆ! ಟ್ಯೂಷನ್‌ಗೆ ಹಾಕುವುದೇ ವಾಸಿ ಅಲ್ವಾ?
– ಓದುಗರೊಬ್ಬರು, ತಿಪಟೂರು

ಸಂಪಾದಕರ ಉತ್ತರ: ನೀವು ದೂರುತ್ತಿರುವುದೇ ಆ ಹುಡುಗಿಯ ದೊಡ್ಡ ಗುಣ, ಸ್ವಾಮಿ. ಟ್ಯೂಷನ್ ಮೇಷ್ಟ್ರುಗಳಲ್ಲೂ ಒಳ್ಳೆಯವರಿದ್ದಾರೆ. ಗುಂಪು ಅಂತ ಕೂತು ಹರಟೆ ಹೊಡೆದು ಏಳುವವರೂ ಇದ್ದಾರೆ. ಒಪ್ಪಿದೆ.

ಆದರೆ ಒಂದು ವಿಷಯ ಕೇಳಿ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಇದ್ದರು. ಅಲ್ಲಿ ಕ್ಯಾಲ್ಕುಲಸ್ ಎಂಬ ಗಣಿತದ ವಿಷಯದಲ್ಲಿ ಅನೇಕ ಕಪ್ಪು ವಿದ್ಯಾರ್ಥಿಗಳು ಫೇಲಾಗುತ್ತಿದ್ದರು. ಮಕ್ಕಳಿಗೆ ಆಸಕ್ತಿಯಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ ಅಂತ ಅಲ್ಲಿನ ಮೇಷ್ಟ್ರುಗಳು ಹೇಳಿದರು. ಇವರು ಅದನ್ನು ನಂಬದೆ, 20 ಕಪ್ಪು ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಅಂತ ಹತ್ತಿರದಿಂದ ನೋಡಿದರು. ಕಪ್ಪು ಮಕ್ಕಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮಕ್ಕಳು ಲೆಕ್ಕ ಮಾಡಿ, ಆಮೇಲೆ ಜೊತೆಗೆ ಕೂತು ತಾಳೆ ನೋಡುತ್ತಿದ್ದರು. ಟ್ರೈಸ್‌ಮನ್ ಶುರು ಮಾಡಿದ ಗುಂಪುಗಳಲ್ಲಿ ಸುಲಭದ ಲೆಕ್ಕ ಕೊಡಲಿಲ್ಲ, ಕಷ್ಟದ್ದನ್ನೇ ಕೊಟ್ಟರು. ಮಕ್ಕಳು ಪಾಸಾಗುವುದಷ್ಟೇ ಅಲ್ಲ, ಚೆನ್ನಾಗಿಯೇ ಮಾಡಿದರು.

ಅದಕ್ಕೂ ಮೊದಲೇ, 1973ರಲ್ಲಿ, ಅದೇ ದೇಶದ ಕನ್ಸಾಸ್ ಸಿಟಿಯ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಎಂಬುವರು ಇನ್ನೊಂದು ಪದ್ಧತಿ ತಂದರು. ಆ ವಿಷಯ ಪಾಸಾದ ಸೀನಿಯರ್ ಮತ್ತೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳಬೇಕು. ಆಮೇಲೆ ಗುಂಪು ನಡೆಸಬೇಕು. ಆದರೆ ಪಾಠ ಮಾಡುವ ಹಾಗಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ಗುಂಪಿಗೇ ವಾಪಸ್ ಹಾಕಬೇಕು. ನಿಮ್ಮೂರ ಹುಡುಗಿ ಮಾಡುತ್ತಿರುವುದೂ ಇದನ್ನೇ.

ನನಗೂ ಅಂಥ ಒಬ್ಬ ಅಣ್ಣ ಸಿಕ್ಕಿದ್ದ. ಹಾಸ್ಟೆಲ್ ಜಗಲಿಯಲ್ಲಿ, ರಾತ್ರಿ ಊಟದ ಮೇಲೆ, ಐದು ಜನ ಕೂರುತ್ತಿದ್ದೆವು. ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲಿ ಓದಿದ್ದ ನಾನು ಕ್ಲಾಸಿನಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಅಣ್ಣ ಸೀಮೆಸುಣ್ಣ ಹಿಡಿದು ಬರುತ್ತಿದ್ದ, ಆದರೆ ಒಂದಕ್ಷರ ಬರೆಯುತ್ತಿರಲಿಲ್ಲ. ಸುಮ್ನೆ ಕೂತವನ ಕೈಗೆ ಅದನ್ನು ಕೊಟ್ಟು, 'ಲಿಮಿಟ್ ಅಂದ್ರೆ ಏನೋ? ನಿಮ್ಮಮ್ಮನಿಗೆ ಹೇಳೋ ಹಾಗೆ ಹೇಳು' ಅನ್ನುತ್ತಿದ್ದ. ಮೊದಲ ದಿನ ನನ್ನ ಕೈ ನಡುಗಿ ಸುಣ್ಣ ಎರಡು ತುಂಡಾಯಿತು. ಅವನು ಕಾದ. ಎಷ್ಟು ಹೊತ್ತು ಅಂತೀರಿ! ನಾನು ಕನ್ನಡದಲ್ಲೇ ತೊದಲಿದೆ. ಎಡವಿದ ಕಡೆ ಪಕ್ಕದವನು ಸೇರಿಸಿದ. ಆ ಲೆಕ್ಕ ಇವತ್ತಿಗೂ ಮರೆತಿಲ್ಲ.

ನನ್ನ ಸಿಟ್ಟು ಬೇರೆಯವರ ಮೇಲಿದೆ. ಸಂಜೆ ಐದಾದರೆ ಕಾಲೇಜು ಕೊಠಡಿಗೆ ಬೀಗ. ಗ್ರಂಥಾಲಯದಲ್ಲಿ ಪಿಸುಗುಟ್ಟಿದರೂ 'ಶ್!' ಮಕ್ಕಳು ಕೂರುವುದೆಲ್ಲಿ? ಬಸ್ ಸ್ಟ್ಯಾಂಡಿನಲ್ಲಾ? ಗೋಡೆಗೆ ಬಣ್ಣ ಬಳಿಸಲು ದುಡ್ಡಿದೆ, ಆ ಸೀನಿಯರ್ ಹುಡುಗಿಗೆ ತಿಂಗಳಿಗೆ ಒಂದಿಷ್ಟು ಕೈಖರ್ಚು ಕೊಡಲು ದುಡ್ಡಿಲ್ಲ.

ಟ್ಯೂಷನ್ ಫೀಸು ಈ ತಿಂಗಳು ನಿಮ್ಮ ಜೇಬಿನಲ್ಲೇ ಇರಲಿ. ಭಾನುವಾರ ಆ ಆರೂ ಮಕ್ಕಳನ್ನು ನಿಮ್ಮ ನಡುಮನೆಗೆ ಕರೆಯಿರಿ. ಒಂದು ಹಲಗೆ, ಒಂದು ಡಬ್ಬಿ ಸೀಮೆಸುಣ್ಣ, ಒಂದಿಷ್ಟು ಮಂಡಕ್ಕಿ ಇಡಿ. ಆಮೇಲೆ ಏನು ನಡೆಯಿತು ಅಂತ ನನಗೆ ಬರೆಯಿರಿ.