ಚಿತ್ರದುರ್ಗದ ಶಿಲೆಗಳಿಂದ ಪರ್ತ್‌ನ ವಿಶ್ವವಿದ್ಯಾಲಯಕ್ಕೆ

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗಾಗಿ ಪಶ್ಚಿಮ ಆಸ್ಟ್ರೇಲಿಯದ ಪರ್ತ್‌ಗೆ ಬರಲಿರುವ ನೀವು, ಊರಿನ ಬಂಡೆಗಳನ್ನು ನೋಡಿ ಹುಟ್ಟಿದ ಆಸಕ್ತಿಯನ್ನೇ ನಂಬಿ ಪರದೇಶದಲ್ಲಿ ಬದುಕು ಕಟ್ಟಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನೂ ಚಿತ್ರದುರ್ಗದ ಕಡೆಯವನು. ಇಲ್ಲಿ ಪರ್ತ್‌ನಲ್ಲಿ ಬಹುಕಾಲದಿಂದ ಇದೇ ವಿಷಯವನ್ನು ಬೋಧಿಸುತ್ತಿದ್ದೇನೆ. ಆದ್ದರಿಂದ ಕೊಂಚ ವಿವರವಾಗಿಯೇ ಉತ್ತರಿಸುತ್ತೇನೆ.

ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. 250 ಕೋಟಿ ವರ್ಷಗಳಿಗೂ ಹಿಂದೆ ಲಾವಾ ನೀರಿನೊಳಗೆ ಉಕ್ಕಿ, ಅದರ ಹೊರಮೈ ತಟ್ಟನೆ ತಣಿದದ್ದರಿಂದ ಆ ಆಕಾರ ಬಂತು. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆ ಒಂದು ಕಾಲಕ್ಕೆ ನೀರಿನ ತಳದಲ್ಲಿತ್ತು ಎಂದು ಮೇಷ್ಟರು ಹೇಳಿದ್ದೇ ನನ್ನನ್ನು ಈ ಶಾಸ್ತ್ರಕ್ಕೆ ಎಳೆದದ್ದು. ಅಂಥವೇ ಶಿಲೆಗಳು ಪರ್ತ್‌ನ ಪೂರ್ವಕ್ಕೆ ಹಬ್ಬಿರುವ ಯಿಲ್ಗಾರ್ನ್ ಕ್ರೇಟಾನಿನಲ್ಲೂ ಇವೆ. ಕ್ರೇಟಾನ್ ಎಂದರೆ ಬಹುಕಾಲದಿಂದ ಹೆಚ್ಚು ಕದಲದೆ ಉಳಿದ, ಭೂಖಂಡದ ಪುರಾತನ ಗಟ್ಟಿ ಭಾಗ. ನಮ್ಮ ಕರ್ನಾಟಕದ ಧಾರವಾಡ ಕ್ರೇಟಾನಿನಂತೆಯೇ ಇದೂ ಆರ್ಕಿಯನ್ ಕಾಲದ್ದು, ಅಂದರೆ 250 ಕೋಟಿ ವರ್ಷಗಳಿಗೂ ಹಿಂದಿನದು: ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ, ಗ್ರಾನೈಟ್‌ಗಳ ನಡುವೆ ಹಳೆಯ ಲಾವಾ ಮಾರ್ಪಟ್ಟು ಆದ ಉದ್ದುದ್ದನೆಯ ಹಸಿರುಶಿಲಾ ಪಟ್ಟಿಗಳು, ಆ ಪಟ್ಟಿಗಳಲ್ಲಿ ಚಿನ್ನ. ಕೋಲಾರ ಮತ್ತು ಹಟ್ಟಿಯ ಅದಿರನ್ನು ಶ್ರದ್ಧೆಯಿಂದ ಓದಿದವರಿಗೆ ಇಲ್ಲಿನ ಚಿನ್ನದ ಊರಾದ ಕಾಲ್ಗೂರ್ಲಿಯ ಗಣಿ ತೀರಾ ಅಪರಿಚಿತವೆನಿಸುವುದಿಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸಕ್ಕೆ ಸಿದ್ಧರಾಗಿ ಬನ್ನಿ. ನಮ್ಮಲ್ಲಿ ಗುಡ್ಡ ಹತ್ತಿದರೆ ಶಿಲೆ ಕಣ್ಣೆದುರೇ ಇರುತ್ತದೆ. ಇಲ್ಲಿ ಬಹುಭಾಗ ಸಪಾಟು ನೆಲ, ಯುಗಯುಗಗಳಿಂದ ಶಿಥಿಲಗೊಂಡ ಕೆಂಪು ಹೊದಿಕೆ, ಉಪ್ಪಿನ ಕೆರೆಗಳು. ಮೂಲಶಿಲೆ ಎಷ್ಟೋ ಮೀಟರ್ ಕೆಳಗೆ. ಹಾಗಾಗಿ ಇಲ್ಲಿನ ಭೂವಿಜ್ಞಾನಿ ಸುತ್ತಿಗೆ ಹಿಡಿದು ಓಡಾಡುವುದಕ್ಕಿಂತ ಹೆಚ್ಚಾಗಿ ಡ್ರಿಲ್ ಕೋರ್, ಅಂದರೆ ನೆಲ ಕೊರೆದು ತೆಗೆದ ದುಂಡನೆಯ ಶಿಲಾದಂಡ, ಓದುತ್ತಾನೆ. ರಾಜ್ಯದ ಭೂವೈಜ್ಞಾನಿಕ ಸಮೀಕ್ಷಾ ಇಲಾಖೆ ಪರ್ತ್‌ನ ಕಾರ್ಲೈಲ್‌ನಲ್ಲಿಯೂ ಕಾಲ್ಗೂರ್ಲಿಯಲ್ಲಿಯೂ ಇಂಥ ಕೋರ್‌ಗಳನ್ನು ಜೋಡಿಸಿಟ್ಟ ಕೋರ್ ಗ್ರಂಥಾಲಯಗಳನ್ನು ನಡೆಸುತ್ತಿದೆ. ಬಂದ ಕೂಡಲೇ ಅಲ್ಲಿಗೆ ಹೋಗಿ. ಬಯಲಿನಲ್ಲಿ ಷಿಸ್ಟ್ ಪಟ್ಟಿಯ (ಹಸಿರುಶಿಲಾ ಪಟ್ಟಿಗೆ ನಮ್ಮಲ್ಲಿನ ಹೆಸರು) ಮಡಿಕೆಗಳನ್ನು ನಡೆದು ಗುರುತಿಸಿದವರು, ಕೈಯಗಲದ ಆ ಕೋರ್‌ನಲ್ಲಿಯೂ ಇಡೀ ರಚನೆಯನ್ನು ಊಹಿಸಬಲ್ಲರು. ನನ್ನ ಅನುಭವದಲ್ಲಿ ನಮ್ಮ ಕಡೆಯ ವಿದ್ಯಾರ್ಥಿಗಳ ನಿಜವಾದ ಬಂಡವಾಳ ಇದೇ. ಯಂತ್ರ ಬಳಸುವುದನ್ನು ಯಾರಾದರೂ ಕಲಿಸಿಕೊಡುತ್ತಾರೆ. ಯಂತ್ರಗಳಿಗಂತೂ ಇಲ್ಲಿ ಕೊರತೆಯಿಲ್ಲ. ಶಿಲೆಗಳಲ್ಲಿ ಸವೆಯದೆ ಉಳಿಯುವ ಜಿರ್ಕಾನ್ ಎಂಬ ಖನಿಜದ ಹರಳುಗಳ ವಯಸ್ಸು ಅಳೆಯುವುದರಲ್ಲಿ ಕರ್ಟಿನ್ ವಿಶ್ವವಿದ್ಯಾಲಯ ಹೆಸರುವಾಸಿ. ಇದೇ ರಾಜ್ಯದ ಜ್ಯಾಕ್ ಹಿಲ್ಸ್‌ನ ಒಂದು ಹರಳು ಸುಮಾರು 440 ಕೋಟಿ ವರ್ಷ ಹಳೆಯದೆಂದು 2001ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಅಲ್ಲಿನವರೂ ಇದ್ದರು.

ಇನ್ನು ಉದ್ಯೋಗ. ಪಿಎಚ್.ಡಿ. ಆದ ಮೇಲೆ ಸಿಗುವ ಸಂಶೋಧನಾ ಹುದ್ದೆಗಳು ಸಾಮಾನ್ಯವಾಗಿ ಕೆಲವೇ ವರ್ಷಗಳ ಒಪ್ಪಂದದವು. ಖಾಯಂ ಅಧ್ಯಾಪಕ ಹುದ್ದೆ ಅಪರೂಪ, ಅದಕ್ಕಾಗಿ ನಗರವನ್ನಲ್ಲ, ದೇಶವನ್ನೇ ಬದಲಿಸಬೇಕಾಗಬಹುದು. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ, ಏಕೆಂದರೆ ಅದರ ಭಾರ ಬೀಳುವುದು ಹೆಚ್ಚಾಗಿ ಅವರ ಮೇಲೆ. ಗಣಿಗಾರಿಕೆ ಏರುಗತಿಯಲ್ಲಿದ್ದಾಗ ಪದವೀಧರರನ್ನು ಕರೆದು ಕೆಲಸ ಕೊಡುತ್ತಾರೆ, ಇಳಿದಾಗ ತರಗತಿಗಳೂ ಬರಿದಾಗುತ್ತವೆ. ನಿಕಲ್ ಬೆಲೆ ಕುಸಿದು 2024ರಲ್ಲಿ ಇಲ್ಲಿನ ಹಲವು ನಿಕಲ್ ಗಣಿಗಳು ಕೆಲಸ ನಿಲ್ಲಿಸಿದವು. ಚಿನ್ನ ಇದ್ದೂ 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ್ದನ್ನು ಬಲ್ಲ ನಮಗೆ ಇದು ಹೊಸ ಪಾಠವೇನಲ್ಲ. ಆದ್ದರಿಂದ ನಿಮ್ಮ ಪ್ರಬಂಧವನ್ನು ಒಂದೇ ಲೋಹಕ್ಕೆ ಕಟ್ಟಿಹಾಕಬೇಡಿ. ಕ್ರೇಟಾನ್ ಹೇಗೆ ರೂಪುಗೊಂಡಿತು ಎಂಬ ಪ್ರಶ್ನೆಗೆ ಬೆಲೆ ಇಳಿಯುವುದಿಲ್ಲ, ಅದರಲ್ಲೂ ಧಾರವಾಡವನ್ನು ಯಿಲ್ಗಾರ್ನ್ ಜೊತೆಗಿಟ್ಟು ಮಾತನಾಡಬಲ್ಲವರು ಇಲ್ಲಿ ಬಹಳ ಮಂದಿಯಿಲ್ಲ.

ಕ್ಷೇತ್ರಕಾರ್ಯದ ಶಿಸ್ತು ಇಲ್ಲಿ ಬಿಗಿಯಾದದ್ದು. ಮೂಲನಿವಾಸಿಗಳ ಹಕ್ಕಿರುವ ನೆಲಕ್ಕೆ ಕಾಲಿಡುವ ಮುನ್ನ ಅವರೊಂದಿಗೆ ಮಾತುಕತೆ ಆಗಿರಬೇಕು. ಸ್ಯಾಟಲೈಟ್ ಫೋನ್, ಸಾಕಷ್ಟು ನೀರು, ಮರಳುವ ಸಮಯದ ಲಿಖಿತ ಸೂಚನೆ ಇಲ್ಲದೆ ವಾಹನ ಹೊರಡುವುದಿಲ್ಲ. ನಮ್ಮೂರಿನಂತೆ ದಾರಿಯಲ್ಲಿ ಕುರಿ ಕಾಯುವವರು ಸಿಕ್ಕಿ ದಿಕ್ಕು ತೋರಿಸುತ್ತಾರೆಂದು ನಂಬಿ ಹೋಗಲಾಗದು.

ಹೊರಡುವ ಮುನ್ನ ನಿಮ್ಮ ಅಧ್ಯಾಪಕರೊಂದಿಗೆ ಇನ್ನೊಮ್ಮೆ ಚಿತ್ರದುರ್ಗದ ಪಟ್ಟಿಯನ್ನು ಅಡ್ಡಹಾಯ್ದು ನಡೆದು, ಟಿಪ್ಪಣಿ ಪುಸ್ತಕವನ್ನೂ ತೆಳುಛೇದಗಳನ್ನೂ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಉಜ್ಜಿದ ಶಿಲೆಯ ಬಿಲ್ಲೆಗಳು) ಜೊತೆಗೆ ತನ್ನಿ. ಕಲ್ಲಿನ ಮಾದರಿ ತರುವುದಾದರೆ ಮಣ್ಣಿನ ಕಣವೂ ಉಳಿಯದಂತೆ ತೊಳೆದು, ಆಸ್ಟ್ರೇಲಿಯಕ್ಕೆ ಬರುವ ಪ್ರಯಾಣಿಕರು ತುಂಬುವ ಘೋಷಣಾಪತ್ರದಲ್ಲಿ ತಪ್ಪದೆ ನಮೂದಿಸಿ. ಬಯಲಿನಲ್ಲಿ ತೊಟ್ಟ ಬೂಟುಗಳಿಗೂ ಅದೇ ನಿಯಮ.